ಗಂಗೂಬಾಯಿ ಹಾನಗಲ್ ಅವರ ಮೊದಲ ಧ್ವನಿಮುದ್ರಿಕೆಗಳು: ಕೇಳುವ ಕ್ರಮವನ್ನು ಕುರಿತು ಒಂದು ವಿಚಾರ

ಕಲಾವಿದರ ಕೃತಿಗಳು ಹುಟ್ಟಿದ ಕ್ರಮ ಒಂದು. ಅವು ರಸಿಕರ ಕೈಸೇರುವ ಕ್ರಮ ಮತ್ತೊಂದು. ಈ ಎರಡೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಪ್ರಸಿದ್ಧ ಕವಿಯೊಬ್ಬನ ಪ್ರೌಢಕಾವ್ಯವನ್ನು ಮೊದಲು ಓದಿ ಮೆಚ್ಚಿ, ಹಲವು ವರ್ಷಗಳ ಮೇಲೆ ಅವನ ಎಳೆವಯಸ್ಸಿನ ಸಂಕಲನವನ್ನು ಕೈಗೆತ್ತಿಕೊಳ್ಳುವುದು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಅನುಭವವೇ. ಅಲ್ಲಿ ಮುದ್ರಣದ ವರ್ಷವು ಪುಸ್ತಕದ ಮೊದಲ ಪುಟಗಳಲ್ಲಿಯೇ ಇರುವುದರಿಂದ ಓದುಗನು ದಾರಿ ತಪ್ಪುವ ಭಯ ಕಡಿಮೆ. ಸಂಗೀತದಲ್ಲಿ ಹಾಗಲ್ಲ. ರೇಡಿಯೊದಿಂದಲೋ ಧ್ವನಿಸುರುಳಿಯಿಂದಲೋ ಕಿವಿಗೆ ಬಿದ್ದ ಹಾಡು ತಾನು ಹುಟ್ಟಿದ ವರ್ಷವನ್ನು ಹೇಳುವುದಿಲ್ಲ. ಆದುದರಿಂದ ಕೇಳುಗನು ತಾನು ಮೊದಲು ಕೇಳಿದ್ದನ್ನೇ ಕಲಾವಿದನ ನಿಜವಾದ ದನಿಯೆಂದು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಆಮೇಲೆ ಕೇಳಿದ್ದೆಲ್ಲವನ್ನೂ ಅದಕ್ಕೆ ಹೋಲಿಸಿ ತೂಗತೊಡಗುತ್ತಾನೆ. ಈ ತೂಕ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ನಮ್ಮ ನಾಡಿನ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಾವು ಆರಿಸಿಕೊಂಡ ಉದಾಹರಣೆ ಶ್ರೀಮತಿ ಗಂಗೂಬಾಯಿ ಹಾನಗಲ್ ಅವರದು. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ೧೯೯೫ರಲ್ಲಿ ನಾಡೋಜ ಪದವಿಯನ್ನು ಮೊದಲ ಬಾರಿಗೆ ನೀಡಿದಾಗ, ಅದನ್ನು ಪಡೆದವರಲ್ಲಿ ಅವರೂ ಒಬ್ಬರಾಗಿದ್ದರು. ಆಗ ಅವರ ವಯಸ್ಸು ಎಂಬತ್ತೆರಡು. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಆ ಹೊತ್ತಿಗೆ ಸಂಗೀತಾಸಕ್ತರಾಗಿದ್ದ ಬಹುಮಂದಿಗೆ ಅವರೆಂದರೆ ಗಂಭೀರವಾದ, ಗಂಡುದನಿಯೆಂದು ಭ್ರಮೆ ಹುಟ್ಟಿಸುವಷ್ಟು ಮಂದ್ರವಾದ ಕಂಠ. ಒಂದೊಂದೇ ಸ್ವರವನ್ನು ಅವಸರವಿಲ್ಲದೆ ಹಿಡಿದು ನಿಲ್ಲಿಸಿ ರಾಗವನ್ನು ಕಟ್ಟುವ ಕಿರಾಣಾ ಘರಾಣೆಯ ವಿಲಂಬಿತ ಖಯಾಲು. ೧೯೫೦ರ ಜನವರಿ ೮ರಂದು ಆರಂಭವಾದ ಧಾರವಾಡದ ಆಕಾಶವಾಣಿ, ಆಮೇಲೆ ಬಂದ ಲಾಂಗ್‌ಪ್ಲೇ ತಟ್ಟೆಗಳು, ಕ್ಯಾಸೆಟ್ಟುಗಳು ಇವೆಲ್ಲವೂ ಸಾರಿದ್ದು ಈ ದನಿಯನ್ನೇ. ಮಗಳು ಕೃಷ್ಣಾ ಹಾನಗಲ್ ಅವರ ಸಹಗಾಯನವಿರುವ ಮುದ್ರಣಗಳಲ್ಲಂತೂ ತಾಯಿಯ ದನಿ ಕೆಳಗೆ, ಮಗಳ ದನಿ ಅದರ ಪಕ್ಕಕ್ಕೆ ತೆಳುವಾಗಿ ನಿಲ್ಲುವುದನ್ನು ಕೇಳಿದವರು ಮರೆಯಲಾರರು.

ಹೀಗೆ ಒಂದು ದನಿಯನ್ನು ಮೆಚ್ಚಿಕೊಂಡವರ ಕೈಗೆ, ವರ್ಷಗಳ ನಂತರ, ೧೯೩೦ರ ದಶಕದ ಪೂರ್ವಾರ್ಧದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಹೊರಡಿಸಿದ ತಟ್ಟೆಯೊಂದರ ಪ್ರತಿ ಬರುತ್ತದೆ. ಅದರಲ್ಲಿ ಕೇಳುವುದು ತೆಳ್ಳನೆಯ, ಎತ್ತರದ ಶ್ರುತಿಯ, ಚುರುಕಾಗಿ ತಾನು ಹೊಡೆಯುವ ಯುವತಿಯ ಕಂಠ. ತಟ್ಟೆಯ ಲೇಬಲ್ಲಿನ ಮೇಲೆ ಗಂಗೂಬಾಯಿ ಎಂಬ ಹೆಸರೂ ಇಲ್ಲ, ಹಾನಗಲ್ ಎಂಬುದೂ ಇಲ್ಲ. ಇರುವುದು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರು. ಇವರೇ ಅವರೆಂದು ಹೇಳಿದರೆ ಮೊದಲ ಸಲ ಕೇಳಿದವರು ನಂಬಲು ಹಿಂಜರಿಯುತ್ತಾರೆ. ನಂಬಿದ ಮೇಲೆ ಹುಟ್ಟುವ ತೀರ್ಪುಗಳು ಸಾಮಾನ್ಯವಾಗಿ ಎರಡು. “ಎಂಥ ಇಂಪಾದ ಕಂಠವಿತ್ತು, ಅದು ಹೋಯಿತಲ್ಲ” ಎಂಬುದು ಒಂದು. “ಇದು ಬರಿಯ ಎಳಸು, ನಿಜವಾದ ಗಂಗೂಬಾಯಿ ಇನ್ನೂ ಹುಟ್ಟಿರಲಿಲ್ಲ” ಎಂಬುದು ಇನ್ನೊಂದು. ಒಂದು ತೀರ್ಪು ನಂತರದ ಐವತ್ತು ವರ್ಷಗಳನ್ನು ನಷ್ಟದ ಲೆಕ್ಕಕ್ಕೆ ಬರೆಯುತ್ತದೆ. ಇನ್ನೊಂದು ಮೊದಲಿನ ವರ್ಷಗಳನ್ನು ಲೆಕ್ಕದಿಂದಲೇ ತೆಗೆದುಹಾಕುತ್ತದೆ. ಇವೆರಡೂ ಸರಿಯಲ್ಲವೆಂದು ನಮಗೆ ತೋರುತ್ತದೆ. ಕಾರಣಗಳನ್ನು ಕ್ರಮವಾಗಿ ನೋಡೋಣ.

ಮೊದಲು ಜೀವನದ ಕಾಲಾನುಕ್ರಮವನ್ನು ತಿಳಿದಿರಬೇಕು. ಗಂಗೂಬಾಯಿಯವರು ಹುಟ್ಟಿದ್ದು ೧೯೧೩ರ ಮಾರ್ಚ್ ೫ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ ಈ ಬಾಲಿಕೆಯೂ ಇದ್ದಳು. ಮಗಳಿಗೆ ಹಿಂದೂಸ್ತಾನಿ ಪದ್ಧತಿಯ ಶಿಕ್ಷಣ ದೊರೆಯಲೆಂದು ಕುಟುಂಬವು ೧೯೨೮ರಲ್ಲಿ ಹುಬ್ಬಳ್ಳಿಗೆ ಬಂದು ನೆಲಸಿತು. ಕೃಷ್ಣಾಚಾರ್ಯ ಹುಲಗೂರ ಅವರಲ್ಲಿಯೂ ಬಳಿಕ ದತ್ತೋಪಂತ ದೇಸಾಯಿಯವರಲ್ಲಿಯೂ ಆರಂಭದ ಪಾಠಗಳು ನಡೆದವು. ತಾಯಿ ತೀರಿಕೊಂಡದ್ದು ೧೯೩೨ರಲ್ಲಿ. ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರಲ್ಲಿ, ಅಂದರೆ ಕುಂದಗೋಳದ ರಾಮಭಾವು ಅವರಲ್ಲಿ, ಕ್ರಮವಾದ ದೀರ್ಘ ಶಿಕ್ಷಣ ಸಾಧ್ಯವಾದದ್ದು ಅದೇ ದಶಕದ ಉತ್ತರಾರ್ಧದಲ್ಲಿ. ಅದಕ್ಕಾಗಿ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಮೊದಲ ಧ್ವನಿಮುದ್ರಿಕೆಗಳು ಈ ದೀರ್ಘ ಶಿಕ್ಷಣಕ್ಕಿಂತ ಹಿಂದಿನವು. ಮುಂದೆ ಗಂಟಲಿನ ವ್ಯಾಧಿಗಾಗಿ ನಡೆದ ಶಸ್ತ್ರಚಿಕಿತ್ಸೆಯ ಪರಿಣಾಮವಾಗಿ ಅವರ ದನಿ ಕೆಳಕ್ಕಿಳಿಯಿತು. ಠುಮರಿ ಮೊದಲಾದ ಲಘುಪ್ರಕಾರಗಳನ್ನು ಬಿಟ್ಟು ಅವರು ಖಯಾಲನ್ನೇ ಹಿಡಿದರು. ೧೯೭೧ರಲ್ಲಿ ಪದ್ಮಭೂಷಣ, ೨೦೦೨ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ೨೦೦೯ರ ಜುಲೈ ೨೧ರಂದು ಹುಬ್ಬಳ್ಳಿಯಲ್ಲಿ ಅವರು ನಿಧನರಾದರು.

ಎರಡು ದನಿಗಳ ನಡುವಣ ಅಂತರಕ್ಕೆ ಕಾರಣಗಳನ್ನು ಹುಡುಕುವಾಗ ಮೊದಲು ಏಳುವ ಸಂದೇಹ ಯಂತ್ರವನ್ನು ಕುರಿತದ್ದು. ಹಳೆಯ ತಟ್ಟೆಗಳನ್ನು ನಿಮಿಷಕ್ಕೆ ೭೮ ಸುತ್ತುಗಳ ವೇಗದಲ್ಲಿ ನುಡಿಸಬೇಕೆಂದು ಹೇಳುತ್ತಾರಾದರೂ, ಮುದ್ರಿಸುವಾಗಲೂ ನುಡಿಸುವಾಗಲೂ ಆ ವೇಗದಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತಿತ್ತು. ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತದೆ. ಹಾಗಾದರೆ ತಟ್ಟೆಯ ಮೇಲಣ ಎತ್ತರದ ದನಿ ಬರಿಯ ವೇಗದ ದೋಷವಾಗಿರಬಾರದೇಕೆ? ಲೆಕ್ಕ ಹಾಕಿ ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಶ್ರುತಿ ಏರಬೇಕಾದರೆ ವೇಗ ನೂರಕ್ಕೆ ಆರರಷ್ಟು ಹೆಚ್ಚಬೇಕು. ೭೮ ಇದ್ದದ್ದು ೮೨ನ್ನೂ ಮೀರಬೇಕು. ಷಡ್ಜವು ಶುದ್ಧ ಮಧ್ಯಮದ ಸ್ಥಾನಕ್ಕೆ ಏರಬೇಕಾದರೆ ೧೦೪ ಸುತ್ತುಗಳು ಬೇಕು. ಅಷ್ಟು ವೇಗದಲ್ಲಿ ತಬಲೆಯ ಲಯವೂ ಮೂರನೆಯ ಒಂದು ಪಾಲು ಹೆಚ್ಚಿ, ಮಾತಿನ ಉಚ್ಚಾರವೇ ವಿಕಾರವಾಗಿ, ದೋಷವು ಯಾರ ಕಿವಿಗಾದರೂ ಗೊತ್ತಾಗುತ್ತದೆ. ಒಂದೆರಡು ಸುತ್ತುಗಳ ವ್ಯತ್ಯಾಸ ಅರ್ಧ ಮನೆಯಷ್ಟನ್ನೂ ಏರಿಸಲಾರದು. ಆದುದರಿಂದ ಈ ಅಂತರ ಯಂತ್ರದ್ದಲ್ಲ, ಕಂಠದ್ದೇ.

ಆದರೆ ಯಂತ್ರವು ಬೇರೊಂದು ರೀತಿಯಲ್ಲಿ ಗಾಯನವನ್ನು ನಿಯಂತ್ರಿಸಿತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಸಂಗೀತ ಮಾತ್ರ. ಆ ಅವಧಿಯಲ್ಲಿ ರಾಗದ ಮುಖವನ್ನು ತೋರಿಸಬೇಕು, ಸ್ಥಾಯಿ ಅಂತರಾಗಳನ್ನು ಹಾಡಬೇಕು, ನಾಲ್ಕಾರು ತಾನುಗಳನ್ನು ಹೊಡೆದು ಮುಗಿಸಬೇಕು. ಕೊಳ್ಳುವವನು ಅಂಗಡಿಯಲ್ಲಿ ನಿಂತು ಕೇಳಿದಾಗ ಮೊದಲ ಅರ್ಧ ನಿಮಿಷದಲ್ಲಿಯೇ ಅವನ ಮನಸ್ಸು ಒಲಿಯಬೇಕು. ವಿಲಂಬಿತದಲ್ಲಿ ಷಡ್ಜದಿಂದ ಗಾಂಧಾರಕ್ಕೆ ಹೋಗಲು ಗಾಯಕರು ತೆಗೆದುಕೊಳ್ಳುವ ಹೊತ್ತಿನಲ್ಲಿ ಇಲ್ಲಿ ಇಡೀ ಹಾಡು ಮುಗಿದಿರುತ್ತದೆ. ಲಾಂಗ್‌ಪ್ಲೇ ತಟ್ಟೆ ಅಮೆರಿಕದಲ್ಲಿ ಬಂದದ್ದು ೧೯೪೮ರಲ್ಲಿ. ಅದರ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷ ಹಾಡಬಹುದು. ಹೀಗಿರುವಾಗ ಮೂರು ನಿಮಿಷದ ತಟ್ಟೆಯಲ್ಲಿ ಗಾಂಭೀರ್ಯವಿಲ್ಲ, ಅವಸರವಿದೆ ಎಂದು ದೂರುವುದು ಚುಟುಕದಲ್ಲಿ ಮಹಾಕಾವ್ಯದ ವರ್ಣನೆ ಇಲ್ಲವೆಂದು ದೂರಿದಂತೆ. ಆ ಅವಸರ ಗಾಯಕಿಯ ಸ್ವಭಾವವಲ್ಲ, ತಟ್ಟೆಯ ಅಳತೆ. ಈ ಅಳತೆಯೊಳಗೆ ಇಪ್ಪತ್ತರ ಆಚೀಚಿನ ಯುವತಿಯೊಬ್ಬಳು ಸ್ವರವನ್ನು ಎಷ್ಟು ನಿಖರವಾಗಿ ಮುಟ್ಟುತ್ತಾಳೆ, ಸಮಕ್ಕೆ ಎಷ್ಟು ನಿರಾಯಾಸವಾಗಿ ಬರುತ್ತಾಳೆ ಎಂಬುದನ್ನು ಕೇಳಬೇಕು.

ಯಂತ್ರವನ್ನೂ ಅವಧಿಯನ್ನೂ ಬದಿಗಿಟ್ಟ ಮೇಲೆ ಉಳಿಯುವ ಕಾರಣಗಳು ಎರಡು: ಶಿಕ್ಷಣ ಮತ್ತು ಶರೀರ. ಪ್ರಚಲಿತವಾದ ಕಥನದಲ್ಲಿ ಇವೆರಡನ್ನೂ ಬೆರೆಸಿ, ಶಸ್ತ್ರಚಿಕಿತ್ಸೆಯೇ ಹೊಸ ಗಂಗೂಬಾಯಿಯವರನ್ನು ಸೃಷ್ಟಿಸಿತೆಂಬಂತೆ ಹೇಳುವುದುಂಟು. ಇದು ವಿಚಾರಕ್ಕೆ ನಿಲ್ಲುವುದಿಲ್ಲ. ಗಂಟಲು ಬದಲಾದುದರಿಂದ ದನಿಯ ಎತ್ತರ ಬದಲಾಗಬಹುದು, ಬಣ್ಣ ಬದಲಾಗಬಹುದು. ಆದರೆ ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುವ ತಾಳ್ಮೆ ಗಂಟಲಿನಿಂದ ಬರುವುದಲ್ಲ. ಅದು ಕುಂದಗೋಳದ ಪಾಠದಿಂದ ಬಂದದ್ದು. ಕೆಲವೇ ಸ್ವರಗಳ ಒಂದು ಪಲುಕನ್ನು ಗುರುಗಳು ದಿನಗಟ್ಟಲೆ ತಿದ್ದುತ್ತಿದ್ದರೆಂಬುದು ಆ ಪರಂಪರೆಯಲ್ಲಿ ಪ್ರಸಿದ್ಧವಾದ ಮಾತು. ಇನ್ನೊಂದು ಕಡೆಯಿಂದ ನೋಡಿದರೆ, ಎತ್ತರದ ಕಂಠಕ್ಕೆ ಒಗ್ಗಿದ ಗಾಯಕಿಯೊಬ್ಬರು ಆ ಕಂಠವನ್ನು ಕಳೆದುಕೊಂಡಾಗ ಹಾಡುವುದನ್ನೇ ನಿಲ್ಲಿಸಬಹುದಾಗಿತ್ತು. ಅವರು ನಿಲ್ಲಿಸಲಿಲ್ಲ, ಇದ್ದ ವಿದ್ಯೆಯನ್ನು ಹೊಸ ಕಂಠಕ್ಕೆ ಹೊಂದಿಸಿಕೊಂಡರು. ಈ ಹೊಂದಾಣಿಕೆಯ ಪ್ರಮಾಣ ಎಷ್ಟೆಂಬುದು ತಿಳಿಯುವುದು ಮೊದಲ ತಟ್ಟೆಗಳನ್ನು ಕೇಳಿದಾಗಲೇ. ಅವು ಇಲ್ಲದಿದ್ದರೆ ಆ ಮಂದ್ರದನಿಯನ್ನು ಹುಟ್ಟಿನಿಂದ ಬಂದ ವರವೆಂದು ನಾವು ಎಣಿಸುತ್ತಿದ್ದೆವು. ಅದರ ಹಿಂದಿನ ದುಡಿಮೆ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇಲ್ಲಿಯೇ ಸಂಶೋಧಕರಿಗೆ ಒಂದು ಮುಖ್ಯವಾದ ಪ್ರಶ್ನೆ ಎದುರಾಗುತ್ತದೆ. ಶಿಕ್ಷಣವೊಂದರ ಪರಿಣಾಮವನ್ನು ಶರೀರದ ಪರಿಣಾಮದಿಂದ ಬೇರ್ಪಡಿಸಿ ಕೇಳಬೇಕಾದರೆ, ಸವಾಯಿ ಗಂಧರ್ವರ ಪಾಠ ಸಾಗುತ್ತಿದ್ದು ದನಿ ಇನ್ನೂ ಬದಲಾಗದಿದ್ದ ಮಧ್ಯಕಾಲದ ಗಾಯನವೇ ನಿರ್ಣಾಯಕ ಸಾಕ್ಷಿ. ಆ ಕಾಲದ ರೇಡಿಯೊ ಪ್ರಸಾರಗಳು ಬಹುಮಟ್ಟಿಗೆ ನೇರಪ್ರಸಾರಗಳಾದುದರಿಂದ ಗಾಳಿಯಲ್ಲಿಯೇ ಕರಗಿಹೋದವು. ಆದ್ದರಿಂದ ಆ ವರ್ಷಗಳ ಒಂದೊಂದು ತಟ್ಟೆಗೂ ಅದರ ತೂಕಕ್ಕೆ ಮೀರಿದ ಬೆಲೆಯಿದೆ.

ಈ ಅನುಭವ ಗಂಗೂಬಾಯಿಯವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಲ್ಲಿಕಾರ್ಜುನ ಮನ್ಸೂರರನ್ನು ನಮ್ಮ ಕಾಲದ ಕೇಳುಗರು ಬಲ್ಲದ್ದು ಜೈಪುರ–ಅತ್ರೌಳಿ ಘರಾಣೆಯ ಅಪರೂಪದ ರಾಗಗಳ ಗಾಯಕರೆಂದು. ಆದರೆ ಅವರ ಮೊದಲ ಹಿಂದೂಸ್ತಾನಿ ಶಿಕ್ಷಣ ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಅವರಲ್ಲಿ. ಮಂಜೀಖಾನರೂ ಬುರ್ಜೀಖಾನರೂ ಬಂದದ್ದು ಆಮೇಲೆ. ೧೯೩೦ರ ದಶಕದ ಅವರ ತಟ್ಟೆಗಳನ್ನು ತಡವಾಗಿ ಕೇಳಿದವರಿಗೆ ಒಬ್ಬ ಗಾಯಕರೊಳಗೆ ಎರಡು ಮನೆತನಗಳು ಸೇರಿದ ಬಗೆ ಗೋಚರಿಸುತ್ತದೆ.

ಹೊರದೇಶದ ಜನಪ್ರಿಯ ಸಂಗೀತದಲ್ಲಿಯೂ ಇದಕ್ಕೆ ಸಾದೃಶ್ಯವಿದೆ. ವಿದ್ಯುತ್ ವಾದ್ಯವಾದ ಸಿಂಥಸೈಜರನ್ನೇ ಆಧಾರವಾಗಿಟ್ಟುಕೊಂಡ ಸಿಂಥ್‌ಪಾಪ್ ಎಂಬ ಪ್ರಕಾರದಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದ ಹ್ಯೂಮನ್ ಲೀಗ್ ಎಂಬ ವೃಂದವು ೧೯೮೧ರ ‘ಡೇರ್’ ಎಂಬ ಆಲ್ಬಮ್ಮಿನಿಂದ ಜಗತ್ಪ್ರಸಿದ್ಧವಾಯಿತು. ಅದನ್ನು ಮೆಚ್ಚಿ, ವರ್ಷಗಳ ಮೇಲೆ ೧೯೭೯ರ ‘ರಿಪ್ರೊಡಕ್ಷನ್’ ಮತ್ತು ೧೯೮೦ರ ‘ಟ್ರಾವಲಾಗ್’ ಎಂಬ ಮೊದಲ ಆಲ್ಬಮ್ಮುಗಳನ್ನು ಹುಡುಕಿ ತಂದವರಿಗೆ ಕೇಳಿದ್ದು ಬೇರೆಯೇ ಆದ, ಬಿಗುವಾದ, ಮಬ್ಬುಗವಿದ ಸಂಗೀತ. ನಡುವೆ ೧೯೮೦ರಲ್ಲಿ ಸ್ಥಾಪಕರಲ್ಲಿ ಇಬ್ಬರು ವೃಂದವನ್ನು ಬಿಟ್ಟು ಹೋಗಿದ್ದರು. ಅಲ್ಲಿ ಹೆಸರು ಉಳಿಯಿತು, ವ್ಯಕ್ತಿಗಳು ಬದಲಾದರು. ಹುಬ್ಬಳ್ಳಿಯ ಉದಾಹರಣೆಯಲ್ಲಿ ವ್ಯಕ್ತಿ ಉಳಿದರು, ಹೆಸರೂ ದನಿಯೂ ಬದಲಾದವು. ಕೇಳುಗನ ತಬ್ಬಿಬ್ಬು ಮಾತ್ರ ಎರಡು ಕಡೆಯೂ ಒಂದೇ: ತಾನು ಮೆಚ್ಚಿದ್ದು ಹೆಸರನ್ನೋ, ದನಿಯನ್ನೋ, ಅವುಗಳ ಹಿಂದಿನ ಮನೋಧರ್ಮವನ್ನೋ ಎಂದು ಅವನು ಮೊದಲ ಬಾರಿಗೆ ಕೇಳಿಕೊಳ್ಳಬೇಕಾಗುತ್ತದೆ. ತಡವಾಗಿ ಕೇಳುವುದರಿಂದ ಆಗುವ ನಿಜವಾದ ಲಾಭ ಇದು.

ಹೆಸರಿನ ವಿಷಯವಾಗಿ ಇನ್ನೊಂದು ಮಾತು. ಆ ಕಾಲದ ತಟ್ಟೆಗಳ ಮೇಲೆ ಗಾಯಕಿಯರನ್ನು ಮನೆತನದ ಹೆಸರಿಗೆ ಬದಲಾಗಿ ಊರಿನ ಹೆಸರಿನಿಂದ ಗುರುತಿಸುವ ರೂಢಿ ವ್ಯಾಪಕವಾಗಿತ್ತು. ಇದರ ಪರಿಣಾಮವಾಗಿ, ಹೆಸರು ಬದಲಿಸಿದ ಕಲಾವಿದೆಯ ಮೊದಲ ದುಡಿಮೆ ಯಾರದೋ ಲೆಕ್ಕಕ್ಕೆ ಸೇರಿಹೋಗುವ ಸಂಭವವಿದೆ. ಗಾಂಧಾರಿ ಎಂಬ ಹೆಸರಿನ ತಟ್ಟೆಯನ್ನು ಮನೆಯಲ್ಲಿಟ್ಟುಕೊಂಡವರು, ಅದು ತಾವು ರೇಡಿಯೊದಲ್ಲಿ ಮೆಚ್ಚಿ ಕೇಳುವ ಗಾಯಕಿಯದೇ ಎಂಬುದನ್ನು ಅರಿಯದೆ ಇರುವುದು ಅಸಂಭವವಲ್ಲ. ಪ್ರಾಚೀನ ಶಾಸನಗಳಲ್ಲಿ ಬಿರುದನ್ನೂ ಅಂಕಿತವನ್ನೂ ಬೇರ್ಪಡಿಸಿ ವ್ಯಕ್ತಿಯನ್ನು ಗುರುತಿಸಲು ಕಲಿತ ನಮ್ಮ ವಿದ್ಯಾರ್ಥಿಗಳು ಅದೇ ಎಚ್ಚರಿಕೆಯನ್ನು ಇಲ್ಲಿಯೂ ತೋರಬೇಕು.

ನಮ್ಮ ಸೀಮೆಗೂ ಈ ತಟ್ಟೆಗಳಿಗೂ ಸಂಬಂಧವೇನೆಂದು ವಾಚಕರು ಕೇಳಬಹುದು. ೧೯೩೦ರ ದಶಕದಲ್ಲಿ ಹುಬ್ಬಳ್ಳಿ, ಗದಗು ಮುಂಬಯಿ ಪ್ರಾಂತದಲ್ಲಿದ್ದವು. ಕೊಪ್ಪಳ ನಿಜಾಮರ ಸಂಸ್ಥಾನದಲ್ಲಿತ್ತು. ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಆಡಳಿತಗಳು ನಾಲ್ಕಾದರೂ ಹುಬ್ಬಳ್ಳಿಯಿಂದ ಗದಗು, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೂಲಕ ಗುಂತಕಲ್ಲಿಗೆ ಹೋಗುವ ರೈಲುದಾರಿ ಒಂದೇ. ನಾಟಕ ಕಂಪನಿಗಳ ಪರದೆಗಳಂತೆ ಹಾಡಿನ ಪ್ಲೇಟುಗಳಿಗೂ ಈ ದಾರಿ ತೆರೆದಿತ್ತು. ಗದುಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ, ೧೯೩೩ರಲ್ಲಿ ಗುರುವನ್ನು ಅರಸುತ್ತ ಮನೆಬಿಟ್ಟು ಹೊರಟದ್ದು ಸರ್ವವಿದಿತ. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯ ಕನ್ನಡ ಭಾಗಗಳು ಮೈಸೂರಿಗೆ ಸೇರಿ, ೧೯೫೬ರಲ್ಲಿ ನಾಡು ಒಂದಾಗುವ ಮೊದಲೇ, ಧಾರವಾಡ ಹುಬ್ಬಳ್ಳಿಗಳ ದನಿಗೆ ಗಡಿಯ ತಡೆ ಇರಲಿಲ್ಲ.

ಆದುದರಿಂದ ಇಲ್ಲಿಯ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಇಂಥ ತಟ್ಟೆಗಳು ಉಳಿದಿರಲು ಅವಕಾಶವಿದೆ. ಅವನ್ನು ಕಂಡಾಗ ಏನು ಮಾಡಬೇಕೆಂಬುದನ್ನು ತಿಳಿಸುವುದು ಅಪ್ರಸ್ತುತವಾಗಲಾರದು. ಈ ತಟ್ಟೆಗಳು ಮುಖ್ಯವಾಗಿ ಅರಗು ಮತ್ತು ಖನಿಜದ ಪುಡಿಯಿಂದ ಮಾಡಿದವು. ಬಿದ್ದರೆ ಹಂಚಿನಂತೆ ಒಡೆಯುತ್ತವೆ, ಹೊಸಪೇಟೆಯ ಬೇಸಿಗೆಯ ಕಾವಿಗೆ ಬಾಗುತ್ತವೆ. ಅವನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು. ಸ್ಪಿರಿಟ್ಟಿನಿಂದ ಎಂದಿಗೂ ಒರೆಸಬಾರದು. ಅರಗು ಅದರಲ್ಲಿ ಕರಗಿಹೋಗುತ್ತದೆ. ಕೀಲಿ ಕೊಡುವ ಹಳೆಯ ಪೆಟ್ಟಿಗೆಯ ಉಕ್ಕಿನ ಮುಳ್ಳು ಪ್ರತಿಸಲವೂ ಗೆರೆಯನ್ನು ಸವೆಸುತ್ತದೆಯಾದುದರಿಂದ ಕುತೂಹಲಕ್ಕಾಗಿ ಮತ್ತೆ ಮತ್ತೆ ನುಡಿಸುವುದು ಸಲ್ಲದು. ಲಾಂಗ್‌ಪ್ಲೇ ತಟ್ಟೆಯ ಸಣ್ಣ ಮುಳ್ಳೂ ಇದಕ್ಕೆ ಹೊಂದದು. ೭೮ರ ತಟ್ಟೆಯ ಗೆರೆ ಅದಕ್ಕಿಂತ ಸುಮಾರು ಮೂರುಪಟ್ಟು ಅಗಲವಾದುದು. ತಕ್ಕ ಮುಳ್ಳಿನಿಂದ ಒಮ್ಮೆ ನುಡಿಸಿ ಗಣಕಯಂತ್ರಕ್ಕೆ ಇಳಿಸಿಕೊಂಡು, ಮೂಲವನ್ನು ವಿಶ್ರಾಂತಿಗೆ ಬಿಡುವುದು ಲೇಸು. ೧೯೯೦ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘದಂಥ ಸಂಸ್ಥೆಗಳು ಈ ಕಾರ್ಯದಲ್ಲಿ ದಾರಿ ತೋರಿಸಿವೆ.

ತಟ್ಟೆಯಷ್ಟೇ ಅದರ ಮೇಲಣ ಬರಹವೂ ಮುಖ್ಯ. ಲೇಬಲ್ಲಿನ ಮೇಲೆ ಹೆಸರು, ರಾಗ, ಭಾಷೆ ಮತ್ತು ಕಂಪನಿಯ ಮಾರಾಟದ ಸಂಖ್ಯೆ ಇರುತ್ತವೆ. ಅದಲ್ಲದೆ ಲೇಬಲ್ಲಿನ ಅಂಚಿಗೆ, ಗೆರೆಗಳು ಮುಗಿಯುವ ನುಣುಪು ಜಾಗದಲ್ಲಿ, ಒತ್ತಿದ ಇನ್ನೊಂದು ಸಂಖ್ಯೆ ಇರುತ್ತದೆ. ಇದನ್ನು ಮ್ಯಾಟ್ರಿಕ್ಸ್ ಸಂಖ್ಯೆ ಎನ್ನುತ್ತಾರೆ. ಮಾರಾಟದ ಸಂಖ್ಯೆ ತಟ್ಟೆ ಅಂಗಡಿಗೆ ಬಂದ ಕ್ರಮವನ್ನು ಸೂಚಿಸಿದರೆ, ಇದು ಹಾಡನ್ನು ಮುದ್ರಿಸಿಕೊಂಡ ಕ್ರಮವನ್ನು ಸೂಚಿಸುತ್ತದೆ. ಕಲಾವಿದರ ಬೆಳವಣಿಗೆಯನ್ನು ಅರಿಯಬೇಕೆಂಬವರಿಗೆ ಬೇಕಾದದ್ದು ಎರಡನೆಯದು. ತಟ್ಟೆ ಒಡೆದಿದ್ದರೂ ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಂಡರೆ ಅದು ವ್ಯರ್ಥವಾಗದು.

ಇಷ್ಟರಿಂದ ನಾವು ತಲುಪುವ ನಿರ್ಣಯ ಇದು: ಮೆಚ್ಚಿದ ಕಲಾವಿದರ ಮೊದಲ ಕೃತಿಗಳನ್ನು ತಡವಾಗಿ ಕೇಳುವವನು ಅವುಗಳಲ್ಲಿ ತಾನು ಆಗಲೇ ಬಲ್ಲದ್ದನ್ನು ಹುಡುಕಬಾರದು; ಅಲ್ಲಿ ಏನು ಇದೆಯೋ ಅದನ್ನು ಅದರ ಕಾಲದ ಅಳತೆಯಲ್ಲಿ ಕೇಳಬೇಕು. ಹುಬ್ಬಳ್ಳಿಯ ಗಾಂಧಾರಿಗೆ ಮುಂದೆ ತಾನು ಗಂಗೂಬಾಯಿ ಹಾನಗಲ್ ಆಗಲಿರುವೆನೆಂಬುದು ತಿಳಿದಿರಲಿಲ್ಲ. ತನ್ನ ಕಂಠ ಬದಲಾಗುವುದೆಂಬುದೂ ತಿಳಿದಿರಲಿಲ್ಲ. ಇದ್ದ ಕಂಠದಿಂದ, ಇದ್ದ ವಿದ್ಯೆಯಿಂದ, ಕೊಟ್ಟ ಮೂರು ನಿಮಿಷಗಳಲ್ಲಿ ಅವರು ಹಾಡಿದರು. ಮುಂದಿನದನ್ನು ಬಲ್ಲ ನಾವು ಆ ಅರಿವನ್ನು ಅಷ್ಟು ಹೊತ್ತು ಪಕ್ಕಕ್ಕಿಟ್ಟು ಕೇಳಿದರೆ ಎರಡು ಕಂಠಗಳೂ ನಮ್ಮವಾಗುತ್ತವೆ. ಈ ಬಗೆಯ ತಟ್ಟೆಗಳು ತಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇರುವುದು ತಿಳಿದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೊದಲು ಅವುಗಳ ಮೇಲಿನ ಹೆಸರು ಮತ್ತು ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಆಮೇಲೆ ಅವುಗಳ ರಕ್ಷಣೆಗೆ ಗಮನ ಕೊಡಬೇಕೆಂದು ಪ್ರಾರ್ಥಿಸುತ್ತೇವೆ. ಮುಂದಿನ ಮಳೆಗಾಲದಲ್ಲಿ ಅಟ್ಟ ಸೋರುವ ಮುನ್ನ ಈ ಕೆಲಸವಾಗಬೇಕು.